ಕೌದಿ ಮಷಿನ್ನೂ ಸಿಂಗರ್ ಬದುಕೂ

ನವಲಗುಂದ, ಕುಂದಗೋಳ ಕಡೆ ಊರುಗಳಿಂದ ಬಂದ ನಮಗೆಲ್ಲ ಕೌದಿ ಗೊತ್ತು. ಹಳೇ ಸೀರೆ, ಧೋತರ ಪದರ ಪದರ ಇಟ್ಟು ಕೈಯಿಂದ ಹೊಲಿಯೋದು. ಈಗ ಮನೆಯಲ್ಲಿ ಅದಕ್ಕೊಂದು ಮಷಿನ್ ಬೇಕು ಅಂತಾರೆ. ಯಾವುದು ತಗೊಳ್ಳೋದು? ಐಸಾಕ್ ಸಿಂಗರ್ ಕಥೆ ಗೊತ್ತಿದ್ರೆ ಆರಿಸೋದು ಸುಲಭ.

1811ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಿಂಗರ್ ನಾಟಕ ಆಡ್ತಾ ಊರೂರು ತಿರುಗಿದವನು, ನಮ್ಮ ಹಾಗೆ ಸೆಮಿಸ್ಟರ್ ಬರೆದವನಲ್ಲ. 1850ರಲ್ಲಿ ಬಾಸ್ಟನ್ನಿನ ವರ್ಕ್‌ಶಾಪ್ ಒಂದರಲ್ಲಿ ರಿಪೇರಿಗೆ ಬಂದಿದ್ದ ಹೊಲಿಗೆ ಮಷಿನ್ ನೋಡಿದ. ಅದರ ಷಟಲ್ ಗುಂಡಗೆ ಸುತ್ತುತ್ತಿತ್ತು. ಇವನು ಷಟಲ್ಲನ್ನ ಹಿಂದೆ ಮುಂದೆ ಓಡಿಸಿದ, ಸೂಜಿಯನ್ನ ಮೇಲಿಂದ ನೇರ ಇಳಿಸಿದ, ಟೇಬಲ್ ಮೇಲಿನ ಬಟ್ಟೆಯನ್ನ ಸ್ಪ್ರಿಂಗ್ ಇರೋ ಪಾದದಿಂದ ಒತ್ತಿಸಿದ. 1851ರಲ್ಲಿ ಪೇಟೆಂಟ್ ಸಿಕ್ತು.

ಆದರೆ ಎರಡು ದಾರದ ಲಾಕ್‌ಸ್ಟಿಚ್‌ಗೆ ಎಲಿಯಾಸ್ ಹೋವ್ 1846ರಲ್ಲೇ ಪೇಟೆಂಟ್ ತಗೊಂಡಿದ್ದ. ಕೇಸು ಸೋತ ಸಿಂಗರ್ ಅವನಿಗೆ ದುಡ್ಡು ಕಟ್ಟಬೇಕಾಯ್ತು. ಸರಿಯಾಗೇ ಆಯ್ತು ಅಂತೀವಿ. 1856ರಿಂದ ಕಂಪನಿ ಕಂತಿನ ಮೇಲೆ ಮಾರಿತು. ಆ ಐಡಿಯಾ ಪಾರ್ಟ್ನರ್ ಎಡ್ವರ್ಡ್ ಕ್ಲಾರ್ಕ್‌ನದು. 1875ರಲ್ಲಿ ಸಿಂಗರ್ ಇಂಗ್ಲೆಂಡಿನಲ್ಲಿ ತೀರಿಕೊಂಡ.

ಕೌದಿಗೆ ಆ ಪಾದವೇ ಮುಖ್ಯ. ಈಗಿನ ಮಷಿನ್‌ನಲ್ಲಿ ಕೆಳಗಿನ ಹಲ್ಲು ಅಡಿ ಪದರವನ್ನ ಎಳೆಯುತ್ತೆ, ಪಾದ ಮೇಲಿನದನ್ನ ತಡೆಯುತ್ತೆ, ಪದರ ಜಾರಿ ನೆರಿಗೆ ಬೀಳುತ್ತೆ. ಅದಕ್ಕೇ ಅಂಗಡಿಗೆ ಒಂದು ಕೌದಿ ತುಂಡು ಒಯ್ಯಬೇಕು: ಪಾದ ಅಷ್ಟು ಎತ್ತರ ಏಳುತ್ತಾ, ಒತ್ತಡ ಸಡಿಲಿಸಬಹುದಾ, ಮೇಲಿನ ಪದರವನ್ನೂ ಎಳೆಯೋ ವಾಕಿಂಗ್ ಫುಟ್ ಕೂರುತ್ತಾ ಅಂತ ಅಲ್ಲೇ ಹೊಲಿದು ನೋಡಬೇಕು.