ಹಿಮದ ಒಡಲನ್ನು ಅಳೆದವರು: ಆಲ್‌ಫ್ರೆಡ್ ವೆಗೆನರ್

ಮಕ್ಕಳೇ, ನಿಮಗೆ ಜ್ವರ ಬಂದಾಗ ಉಷ್ಣತಾಮಾಪಕವನ್ನು ನಾಲಿಗೆಯ ಕೆಳಗೆ ಸ್ವಲ್ಪ ಹೊತ್ತು ಇರಿಸುತ್ತಾರಲ್ಲವೇ? ಇಟ್ಟ ಕೂಡಲೇ ಏಕೆ ತೆಗೆಯುವುದಿಲ್ಲ? ಏಕೆಂದರೆ ಉಷ್ಣತಾಮಾಪಕವು ನಿಮ್ಮ ಮೈಯಷ್ಟೇ ಬಿಸಿಯಾಗಲು ಸಮಯ ಬೇಕು. ಮೈಯ ಉಷ್ಣತೆಯನ್ನು ಅಳೆಯುವುದು ಸುಲಭ. ಆದರೆ ದಪ್ಪನೆಯ ಮಂಜುಗಡ್ಡೆಯ ಒಳಗಿನ ಉಷ್ಣತೆಯನ್ನು ಅಳೆಯುವುದು ಹೇಗೆ? ಈ ಕೆಲಸದಲ್ಲಿ ತೊಡಗಿ, ಕೊನೆಗೆ ಹಿಮದಲ್ಲೇ ಪ್ರಾಣಬಿಟ್ಟ ಒಬ್ಬ ವಿಜ್ಞಾನಿಯ ಬಗ್ಗೆ ತಿಳಿಯೋಣ.

ಆಲ್‌ಫ್ರೆಡ್ ವೆಗೆನರ್ 1880ರ ನವೆಂಬರ್ 1ರಂದು ಜರ್ಮನಿಯ ಬರ್ಲಿನ್ ನಗರದಲ್ಲಿ ಹುಟ್ಟಿದರು. ಭೂಖಂಡಗಳು ನಿಂತಲ್ಲೇ ನಿಂತಿಲ್ಲ, ನಿಧಾನವಾಗಿ ಸರಿಯುತ್ತವೆ ಎಂದು 1912ರಲ್ಲಿ ಹೇಳಿದವರು ಇವರೇ. ಆಗ ಹಲವರು ಒಪ್ಪಲಿಲ್ಲ. 1960ರ ದಶಕದಲ್ಲಿ ಆ ವಿಚಾರಕ್ಕೆ ಮನ್ನಣೆ ದೊರೆಯಿತು. ಆದರೆ ವೆಗೆನರ್ ಅವರ ಮುಖ್ಯ ವೃತ್ತಿ ಹವಾಮಾನದ ಅಧ್ಯಯನ. 1906ರಲ್ಲಿ ಅವರು ತಮ್ಮ ಅಣ್ಣ ಕುರ್ಟ್ ಜೊತೆ ಬಲೂನಿನಲ್ಲಿ 52 ಗಂಟೆಗೂ ಹೆಚ್ಚು ಕಾಲ ಹಾರಾಡಿ ದಾಖಲೆ ಮಾಡಿದ್ದರು.

1912ರಲ್ಲಿ ವೆಗೆನರ್, ಡೆನ್ಮಾರ್ಕಿನ ಕೋಖ್ ಮತ್ತು ಇನ್ನಿಬ್ಬರು ಗ್ರೀನ್‌ಲ್ಯಾಂಡಿಗೆ ಹೋದರು. ಅದು ಬಹುಭಾಗ ಹಿಮದಿಂದ ಮುಚ್ಚಿರುವ ಬೃಹತ್ ದ್ವೀಪ. ಸಾಮಾನು ಹೊರಲು ಅವರ ಬಳಿ ಐಸ್‌ಲ್ಯಾಂಡಿನ 16 ಗಿಡ್ಡ ಕುದುರೆಗಳಿದ್ದವು. ಹಿಮದ ಮೇಲೆಯೇ ಮನೆ ಕಟ್ಟಿ ಇಡೀ ಚಳಿಗಾಲ ಕಳೆದರು. ಆ ಮನೆಯ ಒಳಗೇ ಬೈರಿಗೆಯಿಂದ 25 ಮೀಟರ್ ಆಳದವರೆಗೆ ಹಿಮವನ್ನು ಕೊರೆದರು. ನಿಮ್ಮ ಊರಿನಲ್ಲಿ ಕೊಳವೆಬಾವಿ ಕೊರೆಯುವುದನ್ನು ನೋಡಿರಬಹುದು. ಅಲ್ಲಿ ಹುಡುಕುವುದು ನೀರು, ಇಲ್ಲಿ ಹುಡುಕಿದ್ದು ಉಷ್ಣತೆ!

ರಂಧ್ರ ಕೊರೆದು ಉಷ್ಣತಾಮಾಪಕ ಇಳಿಸಿದರೆ ಸಾಕೇ? ಸಾಲದು. ಕೊರೆಯುವಾಗ ಉಜ್ಜುವಿಕೆಯಿಂದ ಸುತ್ತಲಿನ ಹಿಮ ಸ್ವಲ್ಪ ಬಿಸಿಯಾಗುತ್ತದೆ. ಅದು ಮೊದಲಿನಂತಾಗುವವರೆಗೆ ಕಾಯಬೇಕು. ಹೊರಗಿನ ಗಾಳಿ ಒಳಗಿಳಿದರೂ ಲೆಕ್ಕ ತಪ್ಪುತ್ತದೆ. ಆದ್ದರಿಂದ ರಂಧ್ರದ ಬಾಯಿ ಮುಚ್ಚಬೇಕು. ಮೇಲಕ್ಕೆ ಎಳೆದು ಓದುವಷ್ಟರಲ್ಲಿ ಉಷ್ಣತಾಮಾಪಕದ ಅಂಕಿಯೇ ಬದಲಾಗಬಹುದು. ಓದುವವರ ಉಸಿರು ತಗಲಿದರೂ ಸಾಕು! ತಾಳ್ಮೆ ಇಲ್ಲದವರಿಗೆ ಈ ಕೆಲಸ ಒಗ್ಗುವುದಿಲ್ಲ.

ಇಷ್ಟು ಕಷ್ಟಪಟ್ಟರೆ ಏನು ತಿಳಿಯುತ್ತದೆ? ಬೇಸಿಗೆಯ ಬಿಸಿ, ಚಳಿಗಾಲದ ಶೀತ ಎರಡೂ ಹಿಮದೊಳಗೆ ನಿಧಾನವಾಗಿ ಇಳಿಯುತ್ತವೆ. ಇಳಿದಂತೆಲ್ಲ ಅವುಗಳ ಪ್ರಭಾವ ಕಡಿಮೆಯಾಗುತ್ತದೆ. ಸುಮಾರು 10ರಿಂದ 15 ಮೀಟರ್ ಆಳದಲ್ಲಿ ವರ್ಷವಿಡೀ ಉಷ್ಣತೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಕರಗಿದ ನೀರು ಒಳಗಿಳಿಯದಷ್ಟು ಚಳಿಯಿರುವ ಜಾಗದಲ್ಲಿ ಅದು ಆ ಸ್ಥಳದ ಇಡೀ ವರ್ಷದ ಸರಾಸರಿ ಉಷ್ಣತೆಗೆ ಬಹಳ ಹತ್ತಿರವಾಗಿರುತ್ತದೆ.

1930ರಲ್ಲಿ ವೆಗೆನರ್ ಮತ್ತೊಂದು ದೊಡ್ಡ ತಂಡ ಕಟ್ಟಿದರು. ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯಿಂದ 400 ಕಿಲೋಮೀಟರ್ ಒಳಗೆ, ಹಿಮದ ನಡುವೆ 'ಐಸ್‌ಮಿಟ್ಟೆ' ಎಂಬ ಕೇಂದ್ರ ತೆರೆದರು. ಅಲ್ಲಿ ಇಡೀ ವರ್ಷ ಅಳತೆ ನಡೆಯಬೇಕಿತ್ತು. ಆದರೆ ಚಳಿಗಾಲ ಹತ್ತಿರವಾದರೂ ಸಾಕಷ್ಟು ಸೀಮೆಎಣ್ಣೆ, ಸಾಮಗ್ರಿ ಅಲ್ಲಿಗೆ ತಲುಪಿರಲಿಲ್ಲ. ಅಲ್ಲಿದ್ದ ಗಿಯೋರ್ಗಿ ಮತ್ತು ಸೋರ್ಗೆ ಹಿಂದಿರುಗಿದರೆ ವರ್ಷದ ಅಳತೆ ಅರ್ಧಕ್ಕೇ ನಿಲ್ಲುತ್ತಿತ್ತು.

ಸೆಪ್ಟೆಂಬರ್‌ನಲ್ಲಿ ವೆಗೆನರ್ ನಾಯಿಗಳು ಎಳೆಯುವ ಜಾರುಬಂಡಿಗಳಲ್ಲಿ ಸಾಮಗ್ರಿ ಹೇರಿಕೊಂಡು ಹೊರಟರು. ದಾರಿಯಲ್ಲಿ ಭೀಕರ ಚಳಿ. ಜೊತೆಗೆ ಬಂದವರಲ್ಲಿ ಹೆಚ್ಚಿನವರು ಹಿಂದಿರುಗಿದರು. 40 ದಿನಗಳ ನಂತರ, ಅಕ್ಟೋಬರ್ 30ರಂದು, ಕೇಂದ್ರ ತಲುಪಿದವರು ಮೂವರೇ: ವೆಗೆನರ್, ಲೋವೆ ಮತ್ತು ಗ್ರೀನ್‌ಲ್ಯಾಂಡಿನ ತರುಣ ರಾಸ್ಮುಸ್ ವಿಲ್ಲುಮ್ಸೆನ್. ಲೋವೆಯವರ ಕಾಲ್ಬೆರಳುಗಳು ಹಿಮಕ್ಕೆ ಸಿಕ್ಕಿ ಸತ್ತುಹೋಗಿದ್ದವು. ಅವರು ಅಲ್ಲೇ ಉಳಿದರು. ಇದ್ದ ಆಹಾರ ಐದು ಜನರಿಗೆ ಸಾಲುತ್ತಿರಲಿಲ್ಲ. ನವೆಂಬರ್ 1ರಂದು, ತಮಗೆ 50 ವರ್ಷ ತುಂಬಿದ ದಿನವೇ, ವೆಗೆನರ್ ವಿಲ್ಲುಮ್ಸೆನ್ ಜೊತೆ ಹಿಂದಿರುಗಿ ಹೊರಟರು. ಇಬ್ಬರೂ ಕರಾವಳಿ ಸೇರಲಿಲ್ಲ. 1931ರ ಮೇ 12ರಂದು ವೆಗೆನರ್ ಅವರ ದೇಹ ದೊರೆಯಿತು. ವಿಲ್ಲುಮ್ಸೆನ್ ಅದನ್ನು ಗೌರವದಿಂದ ಹಿಮದಲ್ಲಿ ಹೂತು, ಗುರುತಿಗೆ ಸ್ಕೀಗಳನ್ನು ನೆಟ್ಟಿದ್ದರು. ಆ ತರುಣ ಏನಾದರೆಂದು ತಿಳಿಯಲೇ ಇಲ್ಲ.

ಅಳತೆ ಮಾತ್ರ ನಿಲ್ಲಲಿಲ್ಲ. ಉಳಿದ ಮೂವರು ಹಿಮದಲ್ಲಿ ತೋಡಿದ ಗುಹೆಯಲ್ಲಿ ಚಳಿಗಾಲ ಕಳೆದರು. ಹೊರಗೆ ಉಷ್ಣತೆ ಒಮ್ಮೆ ಸೊನ್ನೆಗಿಂತ 65 ಡಿಗ್ರಿಯಷ್ಟು ಕೆಳಗೆ ಇಳಿಯಿತು! ಸೋರ್ಗೆಯವರು ಸುಮಾರು 15 ಮೀಟರ್ ಆಳದ ಬಾವಿ ತೋಡಿ, ಬೇರೆ ಬೇರೆ ಆಳದಲ್ಲಿ ಹಿಮದ ಉಷ್ಣತೆಯನ್ನೂ ಸಾಂದ್ರತೆಯನ್ನೂ ಅಳೆದರು. ಆ ಸ್ಥಳದ ವರ್ಷದ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 30 ಡಿಗ್ರಿ ಕೆಳಗೆ ಎಂದು ತಿಳಿಯಿತು.

1992ರಲ್ಲಿ ಯುರೋಪಿನ ವಿಜ್ಞಾನಿಗಳು ಗ್ರೀನ್‌ಲ್ಯಾಂಡಿನ ಹಿಮವನ್ನು 3029 ಮೀಟರ್ ಕೊರೆದು ತಳದ ಬಂಡೆ ಮುಟ್ಟಿದರು. ಆ ರಂಧ್ರದಲ್ಲಿ ಉಷ್ಣತೆಯನ್ನು ಎಷ್ಟು ನಿಖರವಾಗಿ ಅಳೆದರು ಗೊತ್ತೇ? ಒಂದು ಡಿಗ್ರಿಯನ್ನು 200 ಪಾಲು ಮಾಡಿದರೆ ಬರುವ ಒಂದು ಪಾಲಿನಷ್ಟು! ಹಿಮದ ಆಳದಲ್ಲಿ ಹಳೆಯ ಚಳಿಯ ಗುರುತು ಇನ್ನೂ ಉಳಿದಿದೆ. ಹಿಂದಿನ ಹಿಮಯುಗದಲ್ಲಿ ಅಲ್ಲಿ ಈಗಿಗಿಂತ ಸುಮಾರು 23 ಡಿಗ್ರಿ ಹೆಚ್ಚು ಚಳಿ ಇತ್ತೆಂದು 1998ರಲ್ಲಿ ಅವರು ತಿಳಿಸಿದರು.

ಮಾಡಿ ನೋಡಿ: ಬಿಸಿಲಿನ ದಿನ ಮಧ್ಯಾಹ್ನ ಶಾಲೆಯ ತೋಟದಲ್ಲಿ ಶಿಕ್ಷಕರ ಸಹಾಯದಿಂದ ಒಂದು ಮೊಳ ಆಳದ ಗುಂಡಿ ತೋಡಿ. ಮೇಲಿನ ಮಣ್ಣನ್ನೂ ಗುಂಡಿಯ ತಳದ ಮಣ್ಣನ್ನೂ ಕೂಡಲೇ ಮುಟ್ಟಿ ನೋಡಿ. ಯಾವುದು ತಂಪು? ಏಕೆ? ಯೋಚಿಸಿ, ನಿಮ್ಮ ಪುಸ್ತಕದಲ್ಲಿ ಬರೆಯಿರಿ.