ಊರು ಬಿಟ್ಟರೂ ಊರ ಹೆಸರು ಬಿಡದ ಚಿತ್ರಕಾರ

ಹುಸೆಪೆ ದ ರಿಬೇರ ಎಂಬ ಹೆಸರು ನಮ್ಮ ಓದುಗರಲ್ಲಿ ಅನೇಕರಿಗೆ ಹೊಸದಾಗಿರಬಹುದು. ಹದಿನೇಳನೆಯ ಶತಮಾನದ ಯುರೋಪಿನಲ್ಲಾದರೋ ಅದು ದೊಡ್ಡ ಹೆಸರು. ಈತ ಹುಟ್ಟಿದ್ದು ಸ್ಪೇನಿನಲ್ಲಿ. ಬಾಳಿದ್ದು, ಬೆಳಗಿದ್ದು, ಮಣ್ಣಾದದ್ದು ಇಟೆಲಿಯಲ್ಲಿ. ಎಳೆಯ ಹರೆಯದಲ್ಲಿ ಬಿಟ್ಟ ತಾಯ್ನಾಡಿಗೆ ಮರಳಿ ಹೋಗಿ ನೆಲೆಸಲೇ ಇಲ್ಲ. ಆದರೂ ಚಿತ್ರದಡಿಯಲ್ಲಿ ಹೆಸರು ಬರೆಯುವಾಗ ತಾನು ಸ್ಪೇನಿನವನೆಂದು ಸೇರಿಸುವುದು ಈತನ ರೂಢಿ. ಕೆಲವೆಡೆ ವಲೆನ್ಸಿಯದವನೆಂದೂ ಬರೆದುದುಂಟು. ತನ್ನ ಹುಟ್ಟೂರಾದ ಶಾತಿವವನ್ನು ಹೆಸರಿಸಿದ್ದೂ ಉಂಟು. ಮಕ್ಕಳನ್ನು ದುಡಿಮೆಗೆಂದು ದೂರದೇಶಕ್ಕೆ ಕಳುಹಿಸಿದ ಮನೆಯವರಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಶಾತಿವದ ಇಗರ್ಜಿಯಲ್ಲಿ ಈತನಿಗೆ ಜ್ಞಾನಸ್ನಾನವಾದದ್ದು 1591ರ ಫೆಬ್ರವರಿ 17ರಂದು. ತಂದೆಯದು ಜೋಡು ಹೊಲಿಯುವ ವೃತ್ತಿ. 1611ರ ಹೊತ್ತಿಗೆ ಹುಡುಗ ಇಟೆಲಿಯ ಪಾರ್ಮ ನಗರದಲ್ಲಿ ಚಿತ್ರ ಬರೆಯುತ್ತಿದ್ದ. 1613ರಲ್ಲಿ ರೋಮಿನ ಚಿತ್ರಕಾರರ ಅಕಾಡೆಮಿಯ ಸದಸ್ಯನಾಗಿದ್ದ. ಆಗ ರೋಮಿನಲ್ಲಿ ಕರವಾಜೊನ ಗಾಳಿ ಬೀಸುತ್ತಿತ್ತು. ಆ ಮಹಾನುಭಾವ 1610ರಲ್ಲೇ ತೀರಿಕೊಂಡಿದ್ದರೂ, ಕಗ್ಗತ್ತಲೆಯ ಹಿನ್ನೆಲೆಗೆ ಒಂದು ಬದಿಯಿಂದ ಬೆಳಕು ಹಾಯಿಸಿ, ಬೀದಿಯ ಜನರನ್ನೇ ಕರೆತಂದು ಸಂತರನ್ನಾಗಿ ನಿಲ್ಲಿಸುವ ಆತನ ವಿದ್ಯೆಗೆ ತರುಣರೆಲ್ಲ ಮರುಳಾಗಿದ್ದರು. ರಿಬೇರನೂ ಅದನ್ನೇ ಹಿಡಿದ. ಈ ರೋಮ್ ದಿನಗಳ ಚಿತ್ರಗಳಲ್ಲಿ ಹಲವು ಇತ್ತೀಚಿನವರೆಗೆ ಬೇರೊಬ್ಬ ಅನಾಮಧೇಯನ ಲೆಕ್ಕಕ್ಕೆ ಸೇರಿದ್ದವು. ಅವು ರಿಬೇರನವೇ ಎಂದು ವಿದ್ವಾಂಸರು ಗುರುತಿಸಿದ್ದು 2002ರಲ್ಲಿ.

ರೋಮಿನಲ್ಲಿ ಕೈ ಬಿಚ್ಚಿ ಖರ್ಚು ಮಾಡಿ ಸಾಲ ಮಾಡಿಕೊಂಡನೆಂದು ಆ ಕಾಲದವರೇ ಬರೆದಿಟ್ಟಿದ್ದಾರೆ. 1616ರಲ್ಲಿ ನೇಪಲ್ಸಿಗೆ ಬಂದ. ಅದೇ ವರ್ಷ ಅಲ್ಲಿನ ಚಿತ್ರಕಾರ ಅತ್ಸೊಲಿನೊನ ಮಗಳು ಕತೆರೀನಳ ಕೈಹಿಡಿದು ನೆಲೆನಿಂತ. ನೇಪಲ್ಸ್ ಆಗ ಸ್ಪೇನಿನ ಅರಸರ ಅಧೀನ. ಆಳುವ ವೈಸರಾಯರು ಸ್ಪೇನಿನವರು. ತಮ್ಮ ನಾಡಿನ ಕಲಾವಿದನೊಬ್ಬ ಕಣ್ಣೆದುರಿಗಿದ್ದರೆ ಅವರು ಬಿಟ್ಟಾರೆಯೇ? ಒಬ್ಬರಾದ ಮೇಲೊಬ್ಬರು ಚಿತ್ರ ಬರೆಯಿಸಿ ಊರಿಗೆ ಸಾಗಿಸಿದರು. ಹೀಗೆ ಚಿತ್ರಕಾರ ಮರಳದಿದ್ದರೂ ಚಿತ್ರಗಳು ಮರಳಿದವು. ಇಂದು ಮ್ಯಾಡ್ರಿಡಿನ ಪ್ರಾಡೊ ಸಂಗ್ರಹಾಲಯದಲ್ಲಿ ಅವು ಧಾರಾಳವಾಗಿವೆ.

1625ರಲ್ಲಿ ಅರಗಾನಿನ ಚಿತ್ರಕಾರ ಹುಸೆಪೆ ಮಾರ್ತಿನೆಸ್ ಈತನನ್ನು ಕಂಡು, ಊರಿಗೇಕೆ ಬರಬಾರದೆಂದು ಕೇಳಿದನಂತೆ. ಹೊರಗಿನವರಿಗೆ ಸ್ಪೇನ್ ಕರುಣೆಯ ತಾಯಿ, ತನ್ನವರಿಗೆ ಮಾತ್ರ ಕಠಿಣ ಮಲತಾಯಿ, ಮರಳಿ ಹೋದರೆ ಮೊದಲ ವರ್ಷ ಮನ್ನಣೆ, ಎರಡನೆಯ ವರ್ಷ ಮರೆವು ಎಂಬರ್ಥದಲ್ಲಿ ರಿಬೇರ ಉತ್ತರಿಸಿದುದಾಗಿ ಮಾರ್ತಿನೆಸ್ ಬರೆದಿದ್ದಾನೆ. ಮರುವರ್ಷವೇ ಬರೆದ ಕುಡಿದ ಸೈಲೀನಸನ ಚಿತ್ರದ ಮೂಲೆಯಲ್ಲಿ ಹಾವೊಂದು ಕಾಗದದ ಚೀಟಿಯನ್ನು ಕಚ್ಚಿ ಹರಿಯುತ್ತಿದೆ. ಆ ಚೀಟಿಯಲ್ಲಿ ಚಿತ್ರಕಾರನ ಹೆಸರಿನೊಂದಿಗೆ ಸ್ಪೇನ್, ವಲೆನ್ಸಿಯ, ರೋಮಿನ ಅಕಾಡೆಮಿ, ನೇಪಲ್ಸ್ ಎಲ್ಲವೂ ಇವೆ! ಮುನಿಸು ಊರಿನ ಮೇಲೋ, ಮತ್ಸರಿಸುವವರ ಮೇಲೋ, ನಾವು ಹೇಳಲಾರೆವು.

ಚರ್ಮ ಸುಲಿಸಿಕೊಳ್ಳುವ ಸಂತ, ನರಳುವ ಮುದುಕ, ಇಂಥವನ್ನೇ ಬರೆದ ಕ್ರೂರಿ ಎಂಬ ಅಪವಾದ ರಿಬೇರನಿಗೆ ಅಂಟಿಕೊಂಡಿದೆ. ಇದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ 1642ರ ಒಂದು ಚಿತ್ರವಿದೆ. ಕಾಲು ಸೊಟ್ಟಗಿರುವ ಭಿಕ್ಷುಕ ಹುಡುಗ. ಊರುಗೋಲನ್ನು ಸಿಪಾಯಿ ಕೋವಿ ಹೊತ್ತಂತೆ ಹೆಗಲಿಗೇರಿಸಿದ್ದಾನೆ. ದೇವರ ಹೆಸರಿನಲ್ಲಿ ಭಿಕ್ಷೆ ಬೇಡುವ ಲ್ಯಾಟಿನ್ ಬರಹದ ಚೀಟಿ ಕೈಯಲ್ಲಿದೆ. ದಿಗಂತವನ್ನು ತೀರ ಕೆಳಗಿಳಿಸಿ, ಹುಡುಗನನ್ನು ಬಾನಿನೆದುರು ಅರಸುಕುಮಾರನಂತೆ ನಿಲ್ಲಿಸಿದ್ದಾನೆ ರಿಬೇರ. ಹುಡುಗ ಹಲ್ಲು ಬಿಟ್ಟು ನಗುತ್ತಾನೆ. ಅಯ್ಯೋ ಪಾಪ ಎನ್ನಲು ನಮಗೆ ಎಡೆಯೇ ಸಿಗುವುದಿಲ್ಲ. 1631ರಲ್ಲಿ ವೈಸರಾಯ್ ಅಲ್ಕಲಾ ಡ್ಯೂಕನ ಅಪ್ಪಣೆಯಂತೆ ಬರೆದ, ಗಡ್ಡ ಬೆಳೆದ ಹೆಂಗಸು ಮಗ್ದಲೇನ ವೆಂತೂರಳ ಚಿತ್ರವೂ ಹಾಗೆಯೇ. ಡ್ಯೂಕನಿಗೆ ಆಕೆ ಒಂದು ಸೋಜಿಗವಾಗಿದ್ದಿರಬೇಕು. ಚಿತ್ರಕಾರ ಕಂಡದ್ದು ಮಗುವನ್ನೆತ್ತಿ ಗಂಡನ ಮುಂದೆ ನಿಂತ ದಣಿದ ಮುಖವನ್ನು.

ಹೊರಗಿನ ಚಿತ್ರಕಾರರು ನೇಪಲ್ಸಿಗೆ ಕಾಲಿಡದಂತೆ ಈತ ಬೆದರಿಸುತ್ತಿದ್ದನೆಂಬ ಕತೆಯೂ ಇದೆ. ಅದನ್ನು ಬರೆದವನು ಒಂದು ಶತಮಾನದ ಅನಂತರದ ದೆ ದೊಮಿನೀಚಿ. ರಿಬೇರ ಹುಟ್ಟಿದ್ದೇ ಇಟೆಲಿಯಲ್ಲಿ ಎಂದು ಬರೆದವನೂ ಇವನೇ. ಆದುದರಿಂದ ಪೂರ್ತಿ ನಂಬುವಂತಿಲ್ಲ. ಆದರೆ ಬೊಲೊಞ ಮೂಲದ ದೊಮೆನಿಕೀನೊ 1634ರಲ್ಲಿ ನೇಪಲ್ಸ್ ಬಿಟ್ಟು ಓಡಿದ್ದು ನಿಜ; ಸ್ಥಳೀಯ ಕಲಾವಿದರ ಹಗೆತನ ಸುಳ್ಳಲ್ಲ.

1643ರ ಸುಮಾರಿಗೆ ಆರೋಗ್ಯ ಕೆಟ್ಟು ಕೆಲಸ ಕುಂಠಿತವಾಯಿತು. 1647ರ ಜುಲೈಯಲ್ಲಿ ಹಣ್ಣಿನ ಮೇಲಿನ ತೆರಿಗೆಯ ವಿರುದ್ಧ ಮಸನ್ಯೆಲ್ಲೊ ಎಂಬ ಬೆಸ್ತನ ಮುಂದಾಳುತನದಲ್ಲಿ ನೇಪಲ್ಸಿನ ಜನ ದಂಗೆಯೆದ್ದರು. ಮೂವತ್ತು ವರ್ಷ ಅವರ ನಡುವೆ ಬಾಳಿ, ಅವರ ಮುದುಕರನ್ನೂ ಭಿಕ್ಷುಕರನ್ನೂ ಚಿತ್ರಿಸಿದ ರಿಬೇರ ಹೆಂಡತಿ ಮಕ್ಕಳೊಡನೆ ವೈಸರಾಯನ ಅರಮನೆಯಲ್ಲಿ ಆಶ್ರಯ ಪಡೆಯಬೇಕಾಯಿತು. ಚಿತ್ರದಡಿ ಅಷ್ಟು ಅಭಿಮಾನದಿಂದ ಬರೆದ ಸ್ಪೇನಿನ ಹೆಸರು ಆ ದಿನಗಳಲ್ಲಿ ಬೀದಿಗಿಳಿದರೆ ಜೀವಕ್ಕೇ ಅಪಾಯ ತರುವಂತಿತ್ತು. ದಂಗೆಯನ್ನು ಅಡಗಿಸಲು ಬಂದ ರಾಜಪುತ್ರ ದೋನ್ ಹುವಾನನನ್ನು 1648ರಲ್ಲಿ ಕುದುರೆಯ ಮೇಲೆ ಕೂರಿಸಿ ಚಿತ್ರಿಸಿದವನೂ ಈತನೇ.

ಸಾನ್ ಮಾರ್ತೀನೊ ಮಠಕ್ಕೆ 1638ರಲ್ಲಿ ಒಪ್ಪಿಕೊಂಡಿದ್ದ ಪ್ರಭುಭೋಜನದ ದೊಡ್ಡ ಚಿತ್ರ 1651ರಲ್ಲಿ ಮುಗಿಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ರಿಬೇರನನ್ನು ನೇಪಲ್ಸಿನ ಕಡಲಂಚಿನ ಮೆರ್ಜೆಲ್ಲೀನದ ಇಗರ್ಜಿಯಲ್ಲಿ ಮಣ್ಣುಮಾಡಿದರು.