ರಕ್ತ ಸಿಗದೆ ಸತ್ತರೇ ಡಾ. ಚಾರ್ಲ್ಸ್ ಡ್ರೂ? ಫಾರ್ವರ್ಡ್ ಕಥೆ ಮುಚ್ಚಿಟ್ಟ ನಿಜವಾದ ಸಾಧನೆ

ಅಮೆರಿಕದ ವೈದ್ಯ ಡಾ. ಚಾರ್ಲ್ಸ್ ಡ್ರೂ ಬಗ್ಗೆ ಒಂದು ಕಥೆ ದಶಕಗಳಿಂದ ಹರಿದಾಡುತ್ತಿದೆ. ರಕ್ತನಿಧಿಯನ್ನು ಕಂಡುಹಿಡಿದ ಈ ಕಪ್ಪು ವರ್ಣೀಯ ವೈದ್ಯ ಅಪಘಾತದಲ್ಲಿ ಗಾಯಗೊಂಡಾಗ ಬಿಳಿಯರ ಆಸ್ಪತ್ರೆ ರಕ್ತ ಕೊಡಲಿಲ್ಲ, ಹಾಗಾಗಿ ಅವರು ತೀರಿಕೊಂಡರು ಎಂಬುದು ಆ ಕಥೆ. ಓದಿದರೆ ಕರುಳು ಚುರುಕ್ ಎನ್ನುತ್ತದೆ, ಬೆರಳು ತಾನಾಗಿಯೇ ಫಾರ್ವರ್ಡ್ ಒತ್ತುತ್ತದೆ. ಆದರೆ ಇದರಲ್ಲಿ ಎರಡು ತಪ್ಪುಗಳಿವೆ. ಮೊದಲು ಅವರ ಬದುಕನ್ನು ನೋಡೋಣ.

ಯಾರು ಈ ಡ್ರೂ?

ಹುಟ್ಟಿದ್ದು 1904ರಲ್ಲಿ, ವಾಷಿಂಗ್ಟನ್ ನಗರದಲ್ಲಿ. ಕಾಲೇಜಿನಲ್ಲಿ ಹೆಸರಾಂತ ಫುಟ್‌ಬಾಲ್ ಆಟಗಾರ. ವೈದ್ಯಕೀಯ ಓದಿಗೆ ಹಣ ಹೊಂದಿಸಲು ಮೇಷ್ಟರಾಗಿ, ಕ್ರೀಡಾ ತರಬೇತುದಾರರಾಗಿ ದುಡಿದರು. 1933ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಿಂದ ವೈದ್ಯರಾಗಿ ಹೊರಬಂದರು. ರಕ್ತ ವರ್ಗಾವಣೆಯ ಬಗ್ಗೆ ಕುತೂಹಲ ಹುಟ್ಟಿದ್ದು ಅಲ್ಲೇ.

ಮುಂದೆ ನ್ಯೂಯಾರ್ಕ್‌ನ ಪ್ರೆಸ್‌ಬಿಟೇರಿಯನ್ ಆಸ್ಪತ್ರೆಯಲ್ಲಿ ಡಾ. ಜಾನ್ ಸ್ಕಡರ್ ಜೊತೆ ಸೇರಿ, ಸಂಗ್ರಹಿಸಿಟ್ಟ ರಕ್ತ ಏಕೆ ಕೆಡುತ್ತದೆ ಎಂದು ಹುಡುಕತೊಡಗಿದರು. ಹೆಪ್ಪುಗಟ್ಟದಂತೆ ಯಾವ ರಾಸಾಯನಿಕ ಬೆರೆಸಬೇಕು, ಬಾಟಲಿಯ ಆಕಾರ ಹೇಗಿರಬೇಕು, ಎಷ್ಟು ತಂಪಿನಲ್ಲಿಡಬೇಕು, ಅಲುಗಾಡಿದರೆ ಏನಾಗುತ್ತದೆ ಎಂದು ಒಂದೊಂದನ್ನೂ ಪರೀಕ್ಷಿಸಿದರು. ಈ ಅಧ್ಯಯನಕ್ಕೆ 1940ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು.

ಮೊದಲ ತಪ್ಪು: ರಕ್ತನಿಧಿ ಕಂಡುಹಿಡಿದವರು ಇವರೇ

ಅಲ್ಲ. ಅಮೆರಿಕದಲ್ಲಿ ಆಸ್ಪತ್ರೆಯ ರಕ್ತನಿಧಿಯನ್ನು 1937ರಲ್ಲೇ ಶಿಕಾಗೊದಲ್ಲಿ ಡಾ. ಬರ್ನಾರ್ಡ್ ಫ್ಯಾಂಟಸ್ ಆರಂಭಿಸಿದ್ದರು. ಹಾಗಾದರೆ ಡ್ರೂ ಮಾಡಿದ್ದೇನು? ಸಾವಿರಾರು ಜನರ ರಕ್ತವನ್ನು ಕೆಡದಂತೆ ಸಂಗ್ರಹಿಸಿ, ಸಂಸ್ಕರಿಸಿ, ದೂರದೇಶಕ್ಕೂ ಕಳಿಸುವ ಶಿಸ್ತನ್ನು ಕಟ್ಟಿದರು.

1940ರಲ್ಲಿ ಬ್ರಿಟನ್ ಮೇಲೆ ಜರ್ಮನಿಯ ಬಾಂಬುಗಳು ಬೀಳುತ್ತಿದ್ದವು. ಗಾಯಾಳುಗಳಿಗೆ ಅಮೆರಿಕದಿಂದ ಪ್ಲಾಸ್ಮಾ, ಅಂದರೆ ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ದ್ರವವನ್ನು ಹಡಗಿನಲ್ಲಿ ಕಳಿಸಬೇಕಿತ್ತು. ನ್ಯೂಯಾರ್ಕ್‌ನ ಹಲವು ಆಸ್ಪತ್ರೆಗಳು ರಕ್ತ ಸಂಗ್ರಹಿಸುತ್ತಿದ್ದವು. ಒಂದು ಕೊಳವೆ ಸರಿಯಾಗಿ ಶುಚಿಯಾಗದಿದ್ದರೂ ಸಾಕು, ಬ್ಯಾಕ್ಟೀರಿಯಾ ಸೇರಿ ಜೀವ ಉಳಿಸಬೇಕಾದ ಬಾಟಲಿಯೇ ಜೀವ ತೆಗೆಯಬಹುದಿತ್ತು.

ಹೊಣೆ ಹೊತ್ತ ಡ್ರೂ ಎಲ್ಲಾ ಆಸ್ಪತ್ರೆಗಳಿಗೂ ಒಂದೇ ಬಗೆಯ ನಿಯಮ ತಂದರು. ಪ್ಲಾಸ್ಮಾ ಮುಟ್ಟುವವರು ತರಬೇತಿ ಪಡೆದಿರಬೇಕು. ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಪಾಸಾಗದೆ ಯಾವ ಪ್ಲಾಸ್ಮಾವೂ ಹಡಗು ಹತ್ತಬಾರದು. ಸುಮಾರು ಐದು ತಿಂಗಳಲ್ಲಿ 14,500ಕ್ಕೂ ಹೆಚ್ಚು ರಕ್ತದಾನಗಳು ನಡೆದು, 5,000 ಲೀಟರಿಗೂ ಹೆಚ್ಚು ಪ್ಲಾಸ್ಮಾ ದ್ರಾವಣ ಬ್ರಿಟನ್‌ಗೆ ಹೋಯಿತು. 1941ರಲ್ಲಿ ರೆಡ್ ಕ್ರಾಸ್‌ನ ರಕ್ತ ಸಂಗ್ರಹ ಯೋಜನೆಯಲ್ಲೂ ಅವರು ದುಡಿದರು.

ವಿಪರ್ಯಾಸ ನೋಡಿ. ಅದೇ ವರ್ಷ ರೆಡ್ ಕ್ರಾಸ್ ಕಪ್ಪು ಜನರ ರಕ್ತವನ್ನೇ ಬೇಡ ಎಂದಿತು. 1942ರಲ್ಲಿ ಒಪ್ಪಿದರೂ ಬಿಳಿಯರ ರಕ್ತದಿಂದ ಬೇರೆಯಾಗಿಟ್ಟಿತು. ಇದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ ಎಂದು ಡ್ರೂ ಬಹಿರಂಗವಾಗಿ ವಿರೋಧಿಸಿದರು. ಅಷ್ಟರಲ್ಲಿ ಅವರು ಹೊವರ್ಡ್ ವಿಶ್ವವಿದ್ಯಾಲಯಕ್ಕೆ ಮರಳಿ, ಕಪ್ಪು ವರ್ಣೀಯ ಶಸ್ತ್ರಚಿಕಿತ್ಸಕರನ್ನು ತಯಾರು ಮಾಡುತ್ತಿದ್ದರು.

ಎರಡನೇ ತಪ್ಪು: ಆಸ್ಪತ್ರೆ ಚಿಕಿತ್ಸೆ ನಿರಾಕರಿಸಿತು

1950ರ ಏಪ್ರಿಲ್ 1. ಮೂವರು ವೈದ್ಯರ ಜೊತೆ ಟಸ್ಕೀಗಿಯ ವೈದ್ಯಕೀಯ ಶಿಬಿರಕ್ಕೆ ಹೊರಟಿದ್ದ ಡ್ರೂ, ನಾರ್ತ್ ಕ್ಯಾರೊಲಿನಾದಲ್ಲಿ ಸ್ಟೀರಿಂಗ್ ಹಿಡಿದಂತೆಯೇ ನಿದ್ದೆಗೆ ಜಾರಿದರು. ಕಾರು ಉರುಳಿತು. ಹತ್ತಿರದ ಆಸ್ಪತ್ರೆಯ ಬಿಳಿಯ ವೈದ್ಯರು ಅವರನ್ನು ಉಳಿಸಲು ಶ್ರಮಿಸಿದರು ಎಂದು ಜೊತೆಯಲ್ಲಿದ್ದ ವೈದ್ಯರೇ ಮುಂದೆ ತಿಳಿಸಿದ್ದಾರೆ. ಗಾಯ ಅಷ್ಟು ತೀವ್ರವಾಗಿತ್ತು. ಡ್ರೂಗೆ ಆಗ 45 ವರ್ಷ.

ಕಥೆಯನ್ನು ಜನ ನಂಬಿದ್ದಕ್ಕೆ ಕಾರಣವಿದೆ. ಅದೇ ವರ್ಷ, ಅದೇ ರಾಜ್ಯದಲ್ಲಿ, ಅಪಘಾತಕ್ಕೀಡಾದ ಕಪ್ಪು ಯುವಕನೊಬ್ಬನನ್ನು ದೊಡ್ಡ ಆಸ್ಪತ್ರೆಯೊಂದು ಕಪ್ಪು ಜನರಿಗೆ ಮೀಸಲಾದ ಹಾಸಿಗೆ ಖಾಲಿ ಇಲ್ಲವೆಂದು ವಾಪಸ್ ಕಳಿಸಿತ್ತು, ಆತ ಬದುಕಲಿಲ್ಲ. ಅನ್ಯಾಯ ನಿಜ, ಡ್ರೂ ಸಾವಿನ ಕಥೆ ನಿಜವಲ್ಲ.

ನಮಗೇಕೆ ಇದು ಮುಖ್ಯ?

ಡ್ರೂ ಹಿಡಿದ ಶಿಸ್ತು ಇಂದು ನಮ್ಮ ಊರಿನ ರಕ್ತನಿಧಿಯ ಯಂತ್ರಗಳಲ್ಲಿದೆ.

• ಫ್ರಿಜ್: ಕೆಂಪು ರಕ್ತಕಣಗಳು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಬಿಸಿಯಾದರೆ ಬ್ಯಾಕ್ಟೀರಿಯಾ ಬೆಳೆಯಬಹುದು, ಹೆಪ್ಪುಗಟ್ಟಿದರೆ ಕಣಗಳು ಒಡೆಯುತ್ತವೆ. ಅದಕ್ಕೇ ತಾಪಮಾನ ದಾಖಲಿಸುವ ಸಾಧನ, ಅಲಾರಂ, ಜನರೇಟರ್ ಬೇಕು. ಮನೆಯ ಫ್ರಿಜ್ ಇದಕ್ಕೆ ಸಾಲದು.
• ಪ್ಲೇಟ್‌ಲೆಟ್ ಯಂತ್ರ: 20ರಿಂದ 24 ಡಿಗ್ರಿಯಲ್ಲಿ ಸದಾ ಮೆಲ್ಲಗೆ ಅಲುಗಾಡಿಸುತ್ತಿರಬೇಕು.
• ತೂಕದ ಯಂತ್ರ: ಚೀಲದಲ್ಲಿ ಹೆಪ್ಪುಗಟ್ಟದಂತೆ ತಡೆಯುವ ದ್ರವ ಮೊದಲೇ ಅಳತೆಯಾಗಿರುತ್ತದೆ. ತೂಕ ತಪ್ಪಿದರೆ ಪ್ರಮಾಣ ತಪ್ಪುತ್ತದೆ.
• ಪರೀಕ್ಷಾ ಯಂತ್ರ: ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮಾಡುವ ಯಂತ್ರದ ಅಳತೆ ಸರಿಯಿಲ್ಲದಿದ್ದರೆ ಸೋಂಕಿನ ರಕ್ತವೂ ಸುರಕ್ಷಿತ ಎಂದು ತೋರಬಹುದು.

ಹಾಗಾಗಿ ಆಸ್ಪತ್ರೆಗೆ ಯಂತ್ರ ದಾನ ಕೊಟ್ಟ ಫೋಟೊ ಹಂಚಿಕೊಳ್ಳುವುದಷ್ಟೇ ಸಾಲದು. ಅದನ್ನು ಕಾಲಕಾಲಕ್ಕೆ ಪರೀಕ್ಷಿಸುವವರು, ರಿಪೇರಿ ಮಾಡುವವರು ಇದ್ದಾರೆಯೇ ಎಂದೂ ಕೇಳೋಣ. ರಕ್ತ ಕೊಡುವವರಷ್ಟೇ, ಆ ಫ್ರಿಜ್‌ನ ಡಿಗ್ರಿ ನೋಡಿ ಬರೆದಿಡುವವರೂ ಜೀವ ಉಳಿಸುತ್ತಾರೆ. ಡ್ರೂ ಬಗ್ಗೆ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ, ಇದನ್ನು ಮಾಡಿ.